ಬಲಗೈ ಕೊಟ್ಟಿತು, ಎಡಗೈ ತಗೊಂಡಿತು

ಹುಬ್ಬಳ್ಳಿಯ ಈರಸಂಗಪ್ಪ ಕಂಪನಿಗಳ ಏಜೆಂಟ್. ಕಂಪನಿಗೆ ಬಂದ ನೋಟಿಸನ್ನು ಅದರ ಪರವಾಗಿ ಸಹಿ ಹಾಕಿ ತೆಗೆದುಕೊಳ್ಳುವುದು ಅವನ ಕಸುಬು. ಅಂಥ ಒಂದು ಕಂಪನಿಯಾದ ಎಣ್ಣೆ ಮಿಲ್ಲಿನ ತೋಟಪ್ಪ ಸಾಹುಕಾರರ ಬೈಗುಳ ಕೇಳಿ ಕೇಳಿ ಸಾಕಾಗಿ, ಒಂದು ದಿನ ಅವರೆದುರೇ ರಾಜೀನಾಮೆ ಪತ್ರ ಚಾಚಿದ.

ಸಾಹುಕಾರರು ಕೈ ಹಿಂದೆ ಕಟ್ಟಿಕೊಂಡರು. "ಕಂಪನಿಗೆ ಮುಟ್ಟಿದರ ತಾನ ನೀ ಬಿಡೋದು? ನಾ ಮುಟ್ಟೂದ ಇಲ್ಲ!"

ಈರಸಂಗಪ್ಪ ಕಾಗದವನ್ನು ಬಲಗೈಯಿಂದ ತನ್ನ ಎಡಗೈಗೇ ಕೊಟ್ಟುಕೊಂಡ. ಸಹಿ ಹಾಕಿದ. ತನ್ನ ಬಳಿಯಿದ್ದ ಮಿಲ್ಲಿನ ಸೀಲು ಒತ್ತಿದ.

"ಇದೇನೋ ಹುಡುಗಾಟ?"

"ನನ್ನ ಕೈಗೆ ಬಂದದ್ದು ಕಂಪನಿಗೆ ಮುಟ್ಟಿದಂಗ ಅಂತ ನೀವ ಬರಕೊಟ್ಟೀರಿ. ನಿಮ್ಮ ಏಜೆಂಟಗ ಕೊಟ್ಟೆ, ಅಂವ ತಗೊಂಡ. ಮುಟ್ಟಿತ್ರಿ."

ಸಾಹುಕಾರರು ಬಾಯಿ ತೆರೆದರು. ಬೈಗುಳ ಬರಲಿಲ್ಲ, ನಗು ಬಂತು. ಹೊಟ್ಟೆ ಹಿಡಿದುಕೊಂಡು ನಕ್ಕರು.

"ಲೇ, ಇಂಥಾ ಏಜೆಂಟನ್ನ ಹೆಂಗಪ್ಪಾ ಬಿಡ್ಲಿ?"

"ಆ ಮಾತನ್ನ ಹೊಸ ಏಜೆಂಟನ ಕೈಯಾಗ ಹೇಳಿ ಕಳಸ್ರಿ," ಎಂದು ಈರಸಂಗಪ್ಪ ಚಪ್ಪಲಿ ಮೆಟ್ಟಿಕೊಂಡ.