ಕೊಂಚೆಟ್ಟಾಳ ಹೆಬ್ಬೆರಳು

ಇಟಲಿಯ ಒಂದು ಹಳ್ಳಿಯಲ್ಲಿ, ಗೋಧಿ ಕೊಯ್ಯುತ್ತಿದ್ದ ಕೊಂಚೆಟ್ಟಾ ಎಂಬ ಹುಡುಗಿಗೆ ಜೇಡ ಕಚ್ಚಿತು. ಅವಳು ಮೂರು ದಿನ ಹಾಸಿಗೆಯಿಂದ ಏಳಲಿಲ್ಲ. ಕಚ್ಚಿಸಿಕೊಂಡವರು ಟರಾಂಟೆಲ್ಲಾ ಎಂಬ ಬಿರುಸಿನ ಕುಣಿತ ಕುಣಿದು ಬೆವರಿದರೆ ವಿಷ ಇಳಿಯುತ್ತದೆಂದು ಆ ಊರಿನವರು ನಂಬಿದ್ದರು. ಆದ್ದರಿಂದ ಪಿಟೀಲನ್ನೂ ಕಂಜಿರವನ್ನೂ ಅವಳ ಬಳಿಗೆ ತರಿಸಿದರು.

ಪಿಟೀಲು ತನಗೆ ತಿಳಿದ ಅತಿ ಕಠಿಣವಾದ ಕುಣಿತದ ಮಟ್ಟನ್ನು ಎತ್ತಿಕೊಂಡಿತು.

"ನಿಧಾನಿಸಿ, ಪಿಟೀಲು ರಾಯರೇ. ಅವಳ ಕಾಲು ಅಲುಗಲೇ ಇಲ್ಲ," ಎಂದಿತು ಕಂಜಿರ.

"ನನ್ನ ವೇಗ ನಿನಗೆ ನಿಲುಕುತ್ತಿಲ್ಲವೆಂದು ಒಪ್ಪಿಕೋ, ಕಂಜಿರಮ್ಮ," ಎಂದು ಪಿಟೀಲು ಇನ್ನೂ ಜೋರು ಮಾಡಿತು.

ಬಾಗಿಲಲ್ಲಿ ನಿಂತಿದ್ದ ನೆರೆಹೊರೆಯವರು ತಡೆಯಲಾರದೆ ಕುಣಿಯತೊಡಗಿದರು.

"ನೋಡಿದೆಯಾ? ಊರಿಗೆ ಊರೇ ಕುಣಿಯುತ್ತಿದೆ."

"ಜೇಡ ಕಚ್ಚಿದ್ದು ಊರಿಗಲ್ಲ, ರಾಯರೇ. ಎಷ್ಟು ಸಲ ಹೇಳಬೇಕು ನಿಮಗೆ?"

ಕಂಜಿರ ಬೇಸತ್ತು ಸುಮ್ಮನಾಯಿತು. ತಾಳ ತಪ್ಪಿದ್ದರಿಂದ ಪಿಟೀಲೂ ನಿಲ್ಲಬೇಕಾಯಿತು. ಆ ನಿಶ್ಶಬ್ದದಲ್ಲಿ ಕೊಂಚೆಟ್ಟಾಳ ಕಾಲಿನ ಹೆಬ್ಬೆರಳು ಒಮ್ಮೆ ಮಿಸುಕಿತು. ಕಂಜಿರ ಆ ಮಿಸುಕಾಟಕ್ಕೆ ಹೊಂದುವಂತೆ ತಾಳದ ಒಂದು ಪೆಟ್ಟು ನುಡಿಸಿ ಕಾಯಿತು. ಬೆರಳು ಮತ್ತೆ ಮಿಸುಕಿತು. ಕಂಜಿರ ಇನ್ನೊಂದು ಪೆಟ್ಟು ನುಡಿಸಿತು.

"ಇದು ಎಳೆಯ ಮಕ್ಕಳ ಮೊದಲ ಪಾಠ," ಎಂದು ಪಿಟೀಲು ಮೂಗು ಮುರಿಯಿತು.

ನೆರೆಹೊರೆಯವರು ಆಕಳಿಸಿ ಮನೆಗೆ ಹೊರಟರು. ಅಷ್ಟರಲ್ಲಿ ಬೆರಳಿನ ಚಲನೆ ಹಿಮ್ಮಡಿಗೂ ಮೊಣಕಾಲಿಗೂ ಏರಿತ್ತು. ಕಂಜಿರ ಅದರ ಜೊತೆಗೇ ವೇಗ ಹೆಚ್ಚಿಸುತ್ತ ಹೋಯಿತು.

"ಎಲ್ಲರೂ ಹೋದರು. ಇನ್ನು ನಿನ್ನನ್ನು ಕೇಳುವವರು ಯಾರಿದ್ದಾರೆ?" ಎಂದಿತು ಪಿಟೀಲು.

ಉತ್ತರಿಸಲು ಕಂಜಿರಕ್ಕೆ ಬಿಡುವಿರಲಿಲ್ಲ. ಕೊಂಚೆಟ್ಟಾ ಎದ್ದು, ಅದನ್ನು ತಾನೇ ಕೈಗೆತ್ತಿಕೊಂಡು ಕುಣಿಯುತ್ತಿದ್ದಳು.