ಬೋರಯ್ಯನ ಅರವತ್ತು ಸಹಿ

ಚಳ್ಳಕೆರೆಯ ಶೇಂಗಾ ಮಿಲ್ಲಿನಲ್ಲಿ ಕಾಳು ಆರಿಸುವ ಓಬಮ್ಮನಿಗೆ ಒಬ್ಬನೇ ಮಗ, ಬೋರಯ್ಯ. ಅಂಥ ಇನ್ನೊಬ್ಬ ಹುಟ್ಟದೆ ಇದ್ದದ್ದು ಊರಿನ ಪುಣ್ಯ ಅನ್ನಿ! ಅವನನ್ನು ಹೇಗೋ ಗಫಾರ್ ಮೇಸ್ತ್ರಿಯ ಲಾರಿ ಗ್ಯಾರೇಜಿಗೆ ಸೇರಿಸಿದಳು. ಗ್ಯಾರೇಜಲ್ಲಿ ಕೈ ಕಪ್ಪಾದರೆ ಸಾಕೇ? ಸಾಲದಂತೆ! ಪ್ರತಿ ಸೋಮವಾರ ತರಬೇತಿ ಶಾಲೆಯ ಬೆಂಚಿನ ಮೇಲೆ ಕೂತು ಪಾಠವನ್ನೂ ಕೇಳಬೇಕಂತೆ. ಕೂತ ದಿನಕ್ಕೊಂದರಂತೆ ಅವನ ಹಾಜರಿ ಪುಸ್ತಕದಲ್ಲಿ ಮೇಷ್ಟ್ರ ಸಹಿ. ಅರವತ್ತು ಸಹಿ ಆದರೆ ಸರ್ಟಿಫಿಕೇಟು, ಅದಿದ್ದರೇ ಖಾಯಂ ಕೆಲಸ. ಓಬಮ್ಮನ ಬೆರಳುಗಳು ಮಡಚಲು ಬಾರದ ಹಾಗಾಗುತ್ತಿದ್ದವು. ಮಗ ದುಡಿಯದಿದ್ದರೆ ಇಬ್ಬರಿಗೂ ಗತಿಯಿರಲಿಲ್ಲ.

“ಕ್ಲಾಸ್ನಾಗೆ ಬಾಯಿ ಮುಚ್ಕೊಂಡು ಕೂತ್ಕಾ ಮಗಾ,” ಅಂದಳು.

ಸೋಮವಾರ ಶಾಲೆಯಲ್ಲಿ ಮೇಷ್ಟ್ರು ಹಾಜರಿ ಕರೆದರು. “ಬೋರಯ್ಯಾ!” ಇವನು ಎದುರಿಗೇ ಕೂತಿದ್ದಾನೆ, ತುಟಿ ಬಿಚ್ಚಲಿಲ್ಲ. ಹೀಗೆ ಒಂದಲ್ಲ, ಮೂರು ಸೋಮವಾರ! ಒಂದು ಸಹಿಯೂ ಇಲ್ಲ.

“ಅಯ್ಯೋ ನನ್ನ ಕರ್ಮವೇ!” ಓಬಮ್ಮ ಹಣೆ ಚಚ್ಚಿಕೊಂಡಳು. “ಹೆಸ್ರು ಕರೆದ್ರೆ ಕೈಯಾಗಿರೋದ್ನ ಬಿಟ್ಟು, ಎದ್ ನಿಂತು, ‘ಬಂದೀನಿ ಸಾರ್’ ಅನ್ಬೇಕು ಕಣ್ಲಾ!”

ಮಾರನೆಯ ದಿನ ಗ್ಯಾರೇಜಲ್ಲಿ ಮೇಸ್ತ್ರಿ ಎಂಜಿನ್ನಿನಿಂದ ಬಿಚ್ಚಿದ ನಟ್ಟುಗಳನ್ನೆಲ್ಲ ತಟ್ಟೆಗೆ ಹಾಕಿ ಇವನ ಕೈಗೆ ಕೊಟ್ಟಿದ್ದ. “ಬೋರಯ್ಯಾ!” ಅಂದ. ಇವನು ತಟ್ಟೆ ಬಿಟ್ಟ, ಎದ್ದು ನಿಂತ, “ಬಂದೀನಿ ಸಾರ್!” ನಟ್ಟುಗಳೆಲ್ಲ ಮೋರಿ ಪಾಲು!

“ಯಾ ಅಲ್ಲಾ!” ಮೇಸ್ತ್ರಿ ತಲೆ ಹಿಡಿದುಕೊಂಡ. “ಎಲ್ಲಿಂದ ತೆಗೆದದ್ದೋ ಅಲ್ಲಿಗೇ ವಾಪಸ್ ಹಾಕ್ಬೇಕಲ್ಲೋ! ತಿಳೀತಾ?”

ತಿಳಿಯಿತು! ಮರುವಾರ ಲಾರಿಯೊಂದರ ಆಯಿಲ್ ಬದಲಾಯಿಸಬೇಕಿತ್ತು. ಬೋರಯ್ಯ ಕಪ್ಪನೆ ಹಳೇ ಆಯಿಲ್ಲನ್ನು ಬಕೆಟ್ಟಿಗೆ ಇಳಿಸಿದ. ಒಂದು ಹನಿ ಚೆಲ್ಲದ ಹಾಗೆ ಎತ್ತಿ, ಅದನ್ನೇ ಮತ್ತೆ ಎಂಜಿನ್ನಿಗೆ ಸುರಿದ. ಹೊಸ ಆಯಿಲ್ ಡಬ್ಬವನ್ನು ಅಂಗಡಿಗೆ ವಾಪಸ್ ಕೊಟ್ಟು ಬಂದ.

“ಲೇ ಪೆದ್ದೇ! ಕಪ್ಪಗಾದ ಹಳೇದನ್ನ ಬಿಸಾಕ್ಬೇಕು, ಅದರ ಜಾಗಕ್ಕೆ ಹೊಸದು ತರ್ಬೇಕು!”

“ಆಗ್ಲಿ ಮೇಸ್ತ್ರಿ,” ಅಂದ.

ಪಾಠವೆಲ್ಲ ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೇ ಆಯಿತು. ಆದರೆ ಓಬಮ್ಮ ಬಿಟ್ಟಾಳೆಯೇ? ಸೋಮವಾರ ಬಂತೆಂದರೆ ಎಬ್ಬಿಸಿ, ಉಣ್ಣಿಸಿ, ಬಸ್ಸಿಗೆ ದಬ್ಬಿದಳು. ಅಂತೂ ಅರವತ್ತು ಸಹಿ ಆದವು! ಆ ಸಂತೋಷಕ್ಕೆ ಮಿಲ್ಲಿಗೆ ಕೈಮುಗಿದು ಕೆಲಸ ಬಿಟ್ಟಳು. ಮರುದಿನ ತಲೆಗೆ ಎರೆದುಕೊಂಡು, ಒಳ್ಳೆ ಸೀರೆ ಉಟ್ಟು, ಮಗನ ಜೊತೆ ತಾನೇ ಶಾಲೆಗೆ ಹೋದಳು.

“ಹಾಜರಿ ಪುಸ್ತಕ ಕೊಡಪ್ಪ,” ಅಂದರು ಮೇಷ್ಟ್ರು.

ಕೊಟ್ಟ. ಗರಿಗರಿ ಪುಸ್ತಕ. ಮೇಷ್ಟ್ರು ಒಂದು ಹಾಳೆ ತಿರುವಿದರು, ಎರಡು ತಿರುವಿದರು. ಎಲ್ಲ ಖಾಲಿ!

“ನನ್ನ ಸಹಿ ಎಲ್ಲೋ?”

“ಹಳೇ ಪುಸ್ತಕ ಗ್ರೀಸ್ ಮೆತ್ತಿ ಕಪ್ಪಗಾಗಿತ್ತು ಸಾರ್. ಬಿಸಾಕಿ, ಅಂಗಡಿಯಿಂದ ಹೊಸದು ತಂದೀನಿ.”

“ಸಹಿಯಿಲ್ಲದೆ ಸರ್ಟಿಫಿಕೇಟು ಕೊಡೋಕಾಗಲ್ಲಮ್ಮ,” ಅಂದರು ಮೇಷ್ಟ್ರು. “ಮತ್ತೆ ಅರವತ್ತು ಸೋಮವಾರ ಕೂರಬೇಕು.”

ಓಬಮ್ಮ ಮಗನ ರಟ್ಟೆ ಹಿಡಿದಳು. “ಎಲ್ಲಿ ಬಿಸಾಕ್ದೆ ಹೇಳ್ಲಾ! ತಿಪ್ಪೆಯಾಗಿದ್ರೂ ಹುಡುಕ್ತೀನಿ!”

“ಹುಡುಕಬ್ಯಾಡ ಕಣವ್ವ, ಒಲೆಗೆ ಹಾಕಿದೆ. ಬೆಳಿಗ್ಗೆ ನೀನು ಎರ್ಕೊಂಡ ನೀರು ಕಾದಿದ್ದು ಅದ್ರಾಗೇಯ. ಬಿಸಿ ಸಾಕಾಗಿತ್ತಾ?”