ಕೆನ್ನೆಗಂಟಿದ ಅಕ್ಷತೆ

ಭೂಮಿ ಆಗಷ್ಟೇ ಹುಟ್ಟಿತ್ತು. ಬೆಟ್ಟಗಳು ಇನ್ನೂ ಹಸಿಹಸಿ. ಸ್ಕೂಲ್ ಇರಲಿಲ್ಲ, ಮಗ್ಗಿ ಇರಲಿಲ್ಲ, ಅದಕ್ಕೇ ಎಲ್ಲರೂ ಖುಷಿಯಾಗಿದ್ರು.

ಒಂದು ಬೆಟ್ಟದ ಬುಡದಲ್ಲಿ ತಣ್ಣೀರಿನ ಕೊಳ. ಅದರಲ್ಲಿ ಹೊನ್ನಿನ ಬಣ್ಣದ ಮೀನುಗಳಿದ್ವು. ಈಗ ಮನೇಲಿ ಗಾಜಿನ ತೊಟ್ಟೀಲಿ ಸಾಕ್ತೀವಲ್ಲ ಗೋಲ್ಡ್‌ಫಿಶ್, ಅವುಗಳ ಮುತ್ತಾತಂದಿರು. ಮಹಾ ಹೊಟ್ಟೆಬಾಕರು. ತಿಂದು ಬಾಯಿ ಮುಚ್ಚೋದ್ರೊಳಗೆ ಮತ್ತೆ ಹಸಿವು.

ಅವರಲ್ಲಿ ಕೆಂಚ ಅಂತ ಒಬ್ಬ, ಸಂಪಿ ಅಂತ ಒಬ್ಬಳು. ಚಳಿಗಾಲ ಮುಗೀತಿದ್ದ ಹಾಗೇ ಇಬ್ಬರಿಗೂ ಮದುವೆ ನಿಶ್ಚಯ ಆಯ್ತು. ಸಂಪಿ ಹೊಟ್ಟೆ ತುಂಬ ಮೊಟ್ಟೆ. ಮೀನುಗಳಲ್ಲಿ ಹಾಗೇ, ಮದುವೆಗೆ ಮೊದಲೇ ಮೊಟ್ಟೆ ರೆಡಿ.

ಬೆಳಬೆಳಿಗ್ಗೆ ಸೂರ್ಯ ಬಗ್ಗಿ ಹೇಳಿದ, "ನೋಡಮ್ಮ ಸಂಪಿ, ಈಗ ನೀರು ಹದವಾಗಿದೆ. ನಾನು ಆ ಬಂಡೆ ನೆತ್ತಿಗೆ ಬರೋದ್ರೊಳಗೆ ಮದುವೆ ಮುಗಿಸಿ ಮೊಟ್ಟೆ ಇಟ್ಬಿಡು. ಆಮೇಲೆ ನೀರು ಕಾಯುತ್ತೆ. ಒಂದೂ ಮರಿ ಆಗಲ್ಲ."

"ಭಟ್ರೇ, ಬೇಗ ಬೇಗ!" ಅಂದ್ಳು ಸಂಪಿ.

ಪುರೋಹಿತರು ಏಡಿ ಭಟ್ರು. ಅಡ್ಡಡ್ಡ ನಡ್ಕೊಂಡು ಬಂದು, "ಬೇಗ ಅಂದ್ರೆ ಆಗುತ್ತಾ? ಅಕ್ಷತೆ ಬೀಳದೆ ಮದುವೆ ಇಲ್ಲ" ಅಂದ್ರು.

ಕಪ್ಪೆಗಳು ಗಟ್ಟಿಮೇಳ ಬಾರಿಸಿದ್ವು. ಗುಬ್ಬಚ್ಚಿ ಮೇಲಿಂದ ಅರಿಶಿನದ ಅಕ್ಷತೆ ಉದುರಿಸ್ತು. ಗುಳುಂ! ಗುಳುಂ! ನೆಂಟರೇ ಎಲ್ಲ ನುಂಗಿಬಿಟ್ರು.

"ಥೂ, ನಾಚಿಕೆ ಆಗಲ್ವಾ?" ಅಂದ್ರು ಭಟ್ರು.

"ಊಟ ಶುರು ಆಯ್ತು ಅನ್ಕೊಂಡ್ವಿ" ಅಂದ್ರು ನೆಂಟರು.

ಸೂರ್ಯ ಇನ್ನೊಂದು ಗೇಣು ಏರಿದ. ಭಟ್ರು ನೀರುಬಳ್ಳಿ ತಂದು ನೆಂಟರ ಬಾಯಿ ಬಿಗಿಯಾಗಿ ಕಟ್ಟಿದ್ರು. "ಇದೇ ಕೊನೇ ಅಕ್ಷತೆ, ನನ್ನ ಹತ್ರ ಇನ್ನಿಲ್ಲ" ಅಂತ ಗುಬ್ಬಚ್ಚಿ ಉದುರಿಸ್ತು. ಮತ್ತೆ ಗಟ್ಟಿಮೇಳ. ಮತ್ತೆ ಗುಳುಂ!

ಈ ಸಲ ಬಾಯಿ ಹಾಕಿದ್ದು ಮದುಮಗ!

"ಲೋ ಕೆಂಚ!" ಸಂಪಿ ಕಿರುಚಿದ್ಳು. "ನಿನ್ನ ಮದುವೆ ಅಕ್ಷತೆ ನೀನೇ ತಿಂತೀಯೇನೋ? ನನ್ನ ಮಕ್ಕಳ ಗತಿ ಏನೋ?"

ಕೆಂಚನ ಕೆನ್ನೆ ಉಬ್ಬಿತ್ತು. ಇನ್ನೂ ನುಂಗಿರಲಿಲ್ಲ. ಉಗುಳೋಕೆ ಹೋದ.

"ಉಗುಳಬೇಡ! ಎಂಜಲು!" ಅಂದ್ರು ಭಟ್ರು.

ಉಗುಳೋ ಹಾಗಿಲ್ಲ. ನುಂಗಿದ್ರೆ ಮದುವೆ ಇಲ್ಲ. ಬಾಯಲ್ಲಿ ಅಕ್ಕಿ, ಹೊಟ್ಟೇಲಿ ಹಸಿವು. ಪಾಪ ಕೆಂಚ, ಹುಟ್ಟಿದಾಗಿಂದ ಬಾಯಿಗೆ ಬಂದಿದ್ದನ್ನ ನುಂಗದೇ ಬಿಟ್ಟೋನಲ್ಲ. ಆದ್ರೆ ಸಂಪಿ ಮುಖ ನೋಡಿದ. ಬಾಯಿ ಗಟ್ಟಿ ಮುಚ್ಚಿ, ಇದ್ದಬದ್ದ ಉಸಿರೆಲ್ಲ ಸೇರಿಸಿ ತಿಣುಕಿದ. ಮೀನು ಉಸಿರು ಬಿಡೋದು ಕೆನ್ನೆ ಪಕ್ಕದ ಕಿವಿರಿಂದ ತಾನೇ? ಅಕ್ಷತೆ ಆ ದಾರೀಲೇ ಪಟಪಟ ಅಂತ ಹೊರಗೆ ಬಂತು. ಅರಿಶಿನ ಎಲ್ಲ ತೊಳೆದುಹೋಗಿ, ಬೆಳ್ಳಗೆ, ಎರಡೂ ಕೆನ್ನೆಗೆ ಅಂಟ್ಕೊಳ್ತು.

"ಇದೂ ಎಂಜಲೇನ್ರೀ ಭಟ್ರೇ?" ಸಂಪಿ ಕೇಳಿದ್ಳು.

ಭಟ್ರು ಕೊಂಡಿಯಿಂದ ತಲೆ ಕೆರ್ಕೊಂಡ್ರು. "ಕಿವಿರಿಂದ ಬಂದಿದ್ದು ಎಂಜಲು ಅಂತ ಯಾರೂ ಹೇಳಿಲ್ಲಪ್ಪ. ಆದ್ರೆ ಹುಡುಗಿ ಮೇಲೆ ಬೀಳ್ಬೇಕಲ್ಲ, ಇದು ಬಿಟ್ಕೊಳ್ತಾನೇ ಇಲ್ಲ."

"ಹಾಗಾದ್ರೆ ಉಜ್ಜಲಿ!" ಅಂತ ಸಂಪಿ ಬಾಲ ಬೀಸಿ ಓಟ ಕಿತ್ಲು. "ಹಿಡ್ಕೊಳೋ ನೋಡೋಣ, ಅಕ್ಕಿ ಕಳ್ಳ!"

ಕೆಂಚ ಅಟ್ಟಿಸ್ಕೊಂಡು ಹೋದ. ನೀರುಬಳ್ಳಿ ಸುತ್ತ ಒಂದು ಸುತ್ತು, ಎರಡು ಸುತ್ತು, ಹತ್ತು ಸುತ್ತು! ಸಿಕ್ಕಾಗೆಲ್ಲ ಅವಳ ಪಕ್ಕೆಗೆ ಕೆನ್ನೆ ಉಜ್ಜಿದ. "ಅಕ್ಷತೆ ಮೈಗೆ ತಾಗ್ತು, ಮದುವೆ ಆಯ್ತು!" ಅಂದ್ರು ಭಟ್ರು. ಸಂಪಿ ನಗ್ತಾ ನಗ್ತಾ ಬಳ್ಳಿ ತುಂಬ ಮೊಟ್ಟೆ ಚೆಲ್ಲಿದ್ಳು. ಕೊನೇ ಮೊಟ್ಟೆ ಅಂಟ್ಕೊಂಡಿದ್ದಕ್ಕೂ ಸೂರ್ಯ ಬಂಡೆ ನೆತ್ತಿ ಹತ್ತಿದ್ದಕ್ಕೂ ಸರಿಹೋಯ್ತು.

ಅವತ್ತಿಂದ ಚಳಿ ಕಳೆದು ನೀರು ಹದವಾದಾಗ, ಗಂಡು ಗೋಲ್ಡ್‌ಫಿಶ್ ಕೆನ್ನೆ ಮೇಲೆ ಬಿಳಿ ಚುಕ್ಕಿ ಮೂಡುತ್ತೆ. ದೊಡ್ಡವರು ನೋಡಿ "ಅಯ್ಯೋ, ಮೀನಿಗೆ ಏನೋ ಕಾಯಿಲೆ!" ಅಂತ ಗಾಬರಿ ಬೀಳ್ತಾರೆ. ನೀನು ನಕ್ಕುಬಿಡು. ನಿಮ್ಮನೆ ತೊಟ್ಟೀಲಿ ಬೆಳಿಗ್ಗೆ ಚುಕ್ಕಿ ಕೆನ್ನೆಯವನೊಬ್ಬ ಒಬ್ಬಳ ಹಿಂದೆ ಸುತ್ತಿ ಸುತ್ತಿ ಕೆನ್ನೆ ಉಜ್ಜುತ್ತಾ ಇದ್ರೆ, ಅದು ಅಕ್ಷತೆ ಕಣೋ, ಮದುವೆ ನಡೀತಾ ಇದೆ.